ಮೂರನೆಯ ಬೇಡ

ಇಬ್ಬನಿ ಆರುವವರೆಗೆ ಮಾಡಲು ಕೆಲಸವಿರಲಿಲ್ಲ. ಟೋಸ್ಟೆನ್‌ಗೆ ಅದೇ ಪೇಚಾಗಿತ್ತು. ಕೈಗೆ ಕೆಲಸವಿದ್ದರೆ ತಲೆಗೆ ಪುರುಸೊತ್ತಿರುವುದಿಲ್ಲ. ಆಮುಂಡನ ಹೊಲದ ತುಂಬ ಹುರಿಯಿಂದ ಕಟ್ಟಿದ ಗೋಧಿಯ ಸಿವುಡುಗಳು ಒಂದಕ್ಕೊಂದು ಒರಗಿ, ನೆಂದ ಕುರಿಗಳ ಹಾಗೆ ಗುಂಪುಗುಂಪಾಗಿ ನಿಂತಿದ್ದವು. ಐವತ್ತು ಹೆಜ್ಜೆ ಆಚೆ ಉಗಿ ಎಂಜಿನ್ ಬೆಳಗಿನ ಐದರಿಂದ ಒಲೆ ಹೊತ್ತಿಸಿಕೊಂಡು ಸುಮ್ಮನೆ ಉಸಿರು ಬಿಡುತ್ತಿತ್ತು. ಅದನ್ನು ನಡೆಸುವವನು ಹುಲ್ಲಿನ ಹೊರೆಯ ಮೇಲೆ ಟೋಪಿಯನ್ನು ಮುಖಕ್ಕೆ ಕವುಚಿಕೊಂಡು ಮಲಗಿದ್ದ. ಟೋಸ್ಟೆನ್ ಒಕ್ಕಣೆಯಂತ್ರದ ಮೇಲೆ ಹತ್ತಿ ಎಣ್ಣೆ ಬಟ್ಟಲುಗಳನ್ನೆಲ್ಲ ತುಂಬಿಸಿದ, ಇಳಿದ, ಮತ್ತೆ ಹತ್ತಿ ತುಂಬಿದ ಬಟ್ಟಲುಗಳಿಗೇ ಇನ್ನೊಂದು ತೊಟ್ಟು ಬಿಟ್ಟ. ಅಂಗಿಯ ಒಳಜೇಬಿನಲ್ಲಿದ್ದ ಕಾಗದಗಳು ಬಗ್ಗಿದಾಗಲೆಲ್ಲ ಎದೆಗೆ ಒತ್ತುತ್ತಿದ್ದವು. ಹತ್ತು ಗಂಟೆಗೆ ನೋಟರಿ ಪ್ರಿಂಗಲ್ ಗಾಡಿಯಲ್ಲಿ ಬರುವವನಿದ್ದ. ಬಂದ ಮೇಲೆ ಇಬ್ಬರು ಸಾಕ್ಷಿಗಳು ರುಜು ಹಾಕಬೇಕು, ಟೋಸ್ಟೆನ್ ಬಲಗೈ ಎತ್ತಿ ಪ್ರಮಾಣ ಮಾಡಬೇಕು. ಅಷ್ಟಾದರೆ ಅವನ ಯಂತ್ರ ಪೇಟೆಂಟಿಗೆ ಹೊರಟಂತೆ. ಮೊದಲನೆಯ ಸಾಕ್ಷಿ ಆಮುಂಡ. ಎರಡನೆಯವನು ಟೋಸ್ಟೆನ್‌ನ ಅಣ್ಣ ಸೀವರ್. ಅವನು ಆಗ ನೀರಿನ ಬಂಡಿ ಹೂಡಿಕೊಂಡು ಹೊಳೆಗೆ ಹೋಗಿದ್ದ.

ಯಂತ್ರದ ಬಾಯಿಗೆ ಹೊಸದಾಗಿ ಜೋಡಿಸಿದ ಆ ಸಾಮಾನಿಗೆ ಊರವರು ಇನ್ನೂ ಹೆಸರಿಟ್ಟಿರಲಿಲ್ಲ. ಒಂದು ಉದ್ದನೆಯ ತೊಟ್ಟಿ, ತಳದಲ್ಲಿ ತೆವಳುವ ಸರಪಳಿ, ಮೇಲೊಂದು ದಂಡದಲ್ಲಿ ಸಾಲಾಗಿ ಕಚ್ಚಿಸಿದ ಆರು ಚಾಕು. ಸಿವುಡನ್ನು ಒಂದು ತುದಿಗೆ ಎಸೆದರೆ ಸಾಕು. ಸರಪಳಿ ಅದನ್ನು ಒಯ್ಯುತ್ತದೆ, ಚಾಕು ಹುರಿಯನ್ನು ಕಡಿಯುತ್ತದೆ, ಬಿಡಿಯಾದ ತೆನೆ ಕಾಳು ಬಿಡಿಸುವ ಉರುಳೆಯೊಳಗೆ ಹೋಗುತ್ತದೆ. ನಡುವೆ ಮನುಷ್ಯನಿಲ್ಲ. ಹೋದ ವಾರದವರೆಗೆ ಹುರಿ ಕಡಿಯುತ್ತಿದ್ದ ಇಬ್ಬರು ಈಗಲೂ ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡೇ ಬಂದು ತೊಟ್ಟಿಯ ಅಕ್ಕಪಕ್ಕದಲ್ಲಿ ನಿಲ್ಲುತ್ತಿದ್ದರು. ಅವರಲ್ಲಿ ಹಿರಿಯವನು ನಿನ್ನೆ ಕೇಳಿದ್ದ: "ಟೋಸ್ಟೆನಣ್ಣ, ನಾವೇನು ಮಾಡೋಣ?" "ನೋಡ್ತಾ ಇರಿ" ಎಂದಿದ್ದ ಟೋಸ್ಟೆನ್. "ಏನನ್ನ?" "ಸಿಕ್ಕಿ ಹಾಕ್ಕೊಂಡ್ರೆ ಹೇಳಿ." ಸಿಕ್ಕಿ ಹಾಕಿಕೊಳ್ಳಲಿಲ್ಲ. ಅವರು ಇಡೀ ದಿನ ಸಾವಿನ ಮನೆಗೆ ಬಂದವರ ಹಾಗೆ ಕೈಕಟ್ಟಿ ನಿಂತಿದ್ದು ಸಂಜೆ ಹೋಗಿದ್ದರು.

ಎಂಟು ವರ್ಷದ ಹಿಂದೆ ಆ ಜಾಗದಲ್ಲಿ ನಿಂತಿದ್ದವನು ಸ್ವತಃ ಟೋಸ್ಟೆನ್. ಆಗ ಯಂತ್ರಕ್ಕೆ ತೆನೆ ಉಣ್ಣಿಸುತ್ತಿದ್ದವನು ಸೀವರ್. ಸೀವರ್‌ನ ಹಾಗೆ ಉಣ್ಣಿಸುವವನು ಈ ಬಯಲಿನಲ್ಲೇ ಇರಲಿಲ್ಲ ಎಂದು ಜನ ಈಗಲೂ ಹೇಳುತ್ತಾರೆ. ಹೇಳಿದ ಮೇಲೆ ಟೋಸ್ಟೆನ್‌ನ ಮುಖ ನೋಡಿ ಹವೆಯ ವಿಷಯಕ್ಕೆ ಹೊರಳುತ್ತಾರೆ. ಸೀವರ್ ಎರಡು ಕೈಯಲ್ಲೂ ತೆನೆಯನ್ನು ಬೀಸಣಿಗೆಯಂತೆ ಬಿಡಿಸಿ ತಳ್ಳುತ್ತಿದ್ದ. ಉರುಳೆಯ ಸದ್ದು ಬೆಳಗಿಂದ ಸಂಜೆಯವರೆಗೆ ಒಂದೇ ಶ್ರುತಿಯಲ್ಲಿರುತ್ತಿತ್ತು. ಟೋಸ್ಟೆನ್ ಅವನ ಬಲಗಡೆ ನಿಂತು, ಬಂದ ಸಿವುಡಿನ ಹುರಿ ಕಡಿದು ಬಿಡಬೇಕಿತ್ತು. ಚಾಕು ಬಿತ್ತು, ಎದ್ದಿತು, ಬಿತ್ತು. ಒಂದು ದಿನ ನಾಲ್ಕು ಗಂಟೆಯ ಹೊತ್ತಿಗೆ ಕಾಫಿಯ ಪಾತ್ರೆ ಹಿಡಿದು ಹೊಲದ ಅಂಚಿನಲ್ಲಿ ರಾಂಡಿ ಎಂಬ ಹುಡುಗಿ ಬರುತ್ತಿದ್ದಳು. ಅವಳ ತಲೆವಸ್ತ್ರ ಗಾಳಿಗೆ ಬಿಚ್ಚಿತ್ತು. ಅದನ್ನು ಅವಳು ಯಾವ ಕೈಯಿಂದ ಹಿಡಿಯುತ್ತಾಳೆ, ಒಂದರಲ್ಲಿ ಪಾತ್ರೆ, ಇನ್ನೊಂದರಲ್ಲಿ ಬುಟ್ಟಿ, ಎಂದು ಅವನು ನೋಡಿದ. ಅಷ್ಟೇ ನೋಡಿದ್ದು. ಚಾಕು ಅದರ ಪಾಡಿಗೆ ಅದು ಬಿತ್ತು. ಸೀವರ್ ಕಿರುಚಲಿಲ್ಲ. ತನ್ನ ಬಲಗೈಯನ್ನು ಎತ್ತಿ ನೋಡಿ, "ಇದು ಹುರಿಯಲ್ಲ ಕಣೋ" ಎಂದ. ಮೂರು ಬೆರಳು ಹೋದವು, ಹೆಬ್ಬೆರಳು ಕಿರುಬೆರಳು ಉಳಿದವು. ಬಂಡಿಯಲ್ಲಿದ್ದ ಸಿವುಡು ಮುಗಿಯುವವರೆಗೆ ಯಂತ್ರ ನಿಲ್ಲಿಸಬೇಡಿ ಎಂದೂ ಸೀವರ್ ಹೇಳಿದನಂತೆ. ಟೋಸ್ಟೆನ್‌ಗೆ ಅದು ಕೇಳಿಸಿರಲಿಲ್ಲ. ಆ ರಾಂಡಿಯನ್ನೇ ಟೋಸ್ಟೆನ್ ಮರುವರ್ಷ ಮದುವೆಯಾದ.

ಅವನು ಅಣ್ಣನ ಹತ್ತಿರ ತಪ್ಪಾಯಿತೆಂದು ಹೇಳಲಿಲ್ಲ. ಹೇಳುವ ರೂಢಿ ಅವರಲ್ಲಿರಲಿಲ್ಲ. ಬದಲಿಗೆ ಆ ಚಳಿಗಾಲ ದಿನವೂ ಅಣ್ಣನ ಮನೆಗೆ ಹೋಗಿ ಹಸು ಕರೆದುಕೊಟ್ಟ. ಒಂದು ಮಧ್ಯಾಹ್ನ ಸೀವರ್ ಬಟ್ಟೆ ಸುತ್ತಿದ ಕೈಯನ್ನು ಮೇಜಿನ ಮೇಲೆ ಯಾರದೋ ಗಂಟಿನಂತೆ ಇಟ್ಟುಕೊಂಡು ಕೂತಿದ್ದವನು, ಎಡಗೈಯಿಂದ ರೊಟ್ಟಿಯ ಚಾಕುವನ್ನು ಎರಡು ಹಲಗೆಗಳ ಸಂದಿನಲ್ಲಿ ನೆಟ್ಟಗೆ ಸಿಕ್ಕಿಸಿದ. ಟವೆಲನ್ನು ಸುರುಳಿ ಸುತ್ತಿ, ಹಲ್ಲಿನ ಸಹಾಯದಿಂದ ದಾರ ಕಟ್ಟಿ, ಚಾಕುವಿನ ಕಡೆ ಎಳೆದ. ದಾರ ತುಂಡಾಯಿತು. "ನೋಡು" ಎಂದ. "ನಾವು ಸಿವುಡು ನಿಲ್ಲಿಸಿ ಚಾಕು ಆಡಿಸ್ತೀವಿ. ತಲೆಕೆಳಗು ಮಾಡಿದೀವಿ. ಚಾಕು ನಿಂತಲ್ಲೇ ನಿಂತಿರ್ಲಿ, ಸಿವುಡು ತಾನೇ ಬರ್ಲಿ. ಆಗ ಚಾಕು ಯಾರ ಕಡೇನೂ ನೋಡಲ್ಲ." ಇಷ್ಟೇ ಹೇಳಿದ್ದು, ಒಂದೇ ಸಲ. ಆಮೇಲೆ ಆ ಟವೆಲಿನಿಂದಲೇ ಮೇಜು ಒರೆಸಿದ. ಟೋಸ್ಟೆನ್ ಮನೆಗೆ ಬಂದು ಕೊಟ್ಟಿಗೆಯಲ್ಲಿ ಹಲಗೆ ಕೊಯ್ಯಲು ಶುರು ಮಾಡಿದ. ಏಳು ವರ್ಷ ಕೊಯ್ದ. ಸರಪಳಿ ಹರಿಯಿತು, ಸಿವುಡು ಅಡ್ಡ ಬಿತ್ತು, ಉರುಳೆ ಉಸಿರುಗಟ್ಟಿ ನಿಂತಿತು. ಉರುಳೆಯ ವೇಗ ಇಳಿದಾಗ ಸರಪಳಿಯೂ ತಾನಾಗಿ ನಿಲ್ಲುವ ಹಾಗೆ ಎರಡು ಕಬ್ಬಿಣದ ಗುಂಡುಗಳನ್ನು ತೂಗುಬಿಟ್ಟಿದ್ದು ಅವನದೇ ಬುದ್ಧಿ, ಯಾರೂ ಹೇಳಿಕೊಟ್ಟಿದ್ದಲ್ಲ. ಇದನ್ನು ಅವನು ತನಗೆ ತಾನೇ ಆಗಾಗ ಹೇಳಿಕೊಳ್ಳುತ್ತಿದ್ದ. ಗುಂಡುಗಳು ನನ್ನವು. ಸರಪಳಿ ನನ್ನದು. ಚಾಕು? ಎಲ್ಲರ ಮನೆಯಲ್ಲೂ ಚಾಕು ಇರುತ್ತದೆ.

ಪ್ರಿಂಗಲ್‌ನ ಗಾಡಿ ದೂರದಲ್ಲಿ ಒಂದು ಚುಕ್ಕೆಯಾಗಿ ಕಂಡಿತು. ಆ ಬಯಲಿನಲ್ಲಿ ಯಾರು ಬಂದರೂ ಬರುವ ಮುಂಚೆ ಅರ್ಧ ಗಂಟೆ ಕಾಣಿಸುತ್ತಾರೆ. ನಾಚಿಕೆಪಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಪ್ರಿಂಗಲ್ ಇವರೆಲ್ಲರ ಹಾಗೆ ನಾರ್ವೆಯಿಂದ ಬಂದವನಲ್ಲ, ಅಮೆರಿಕದವನೇ, ಯಾಂಕಿ. ಊರಿಗೆ ಬಂದು ಹದಿನೈದು ವರ್ಷವಾದರೂ ಅವನ ಮನೆಗೆ ಹೋದವರು ಹಸಿದೇ ಬರುತ್ತಿದ್ದರು. ಅವನ ಹೆಂಡತಿ ಕಾಫಿ ತಗೊಳ್ತೀರಾ ಎಂದು ಕೇಳುತ್ತಾಳೆ, ಇವರು ಮರ್ಯಾದೆಗೆ ಬೇಡ ಎನ್ನುತ್ತಾರೆ, ಅವಳು ಪಾತ್ರೆ ಒಳಗಿಟ್ಟುಬಿಡುತ್ತಾಳೆ. ಒಂದೇ ಸಲ ಕೇಳುವುದು! ಟೋಸ್ಟೆನ್‌ನ ತಾಯಿ ಹೇಳುತ್ತಿದ್ದಳು: ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ದೇವರಿಗೆ, ಮೂರನೇ ಸಲ ಕೇಳಿದಾಗ ಹೊಟ್ಟೆ ಉತ್ತರ ಕೊಡಲಿ. ಮೂರು ಸಲ ಕೇಳದವನು ಕೇಳಿದಂತೆಯೇ ಅಲ್ಲ. ಸೀವರ್ ಪ್ರತಿ ಭಾನುವಾರ ಟೋಸ್ಟೆನ್‌ನ ಮನೆಗೇ ಊಟಕ್ಕೆ ಬರುತ್ತಾನೆ, ಅವನಿಗೆ ಬೇರೆ ಯಾರೂ ಇಲ್ಲ, ಅವನ ತಟ್ಟೆ ಆಗಲೇ ಮೇಜಿನ ಮೇಲಿರುತ್ತದೆ. ಆದರೂ ರಾಂಡಿ ಮೂರು ಸಲ ಕೇಳಬೇಕು, ಅವನು ಎರಡು ಸಲ ಈಗ ತಾನೇ ತಿಂದು ಬಂದೆ ಎನ್ನಬೇಕು. ತಾಯಿ ಮಾತ್ರ ಒಮ್ಮೆ, ಪಕ್ಕದ ಹೊಲದವರ ಮನೆಯಲ್ಲಿ, ಬೇಲಿಯ ಜಗಳವಾದ ಮೇಲೆ, ಮೂರನೇ ಸಲವೂ ಬೇಡ ಎಂದಿದ್ದಳು. ನಗುನಗುತ್ತಲೇ ಎಂದಳು. ಆಮೇಲೆ ಸಾಯುವವರೆಗೆ ಆ ಮನೆಯ ಹೊಸಿಲು ತುಳಿಯಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಾತ್ರ ಕೈ ಬೀಸಿ ಚೆನ್ನಾಗೇ ಮಾತನಾಡಿಸುತ್ತಿದ್ದಳು.

ಟೋಸ್ಟೆನ್ ಅಣ್ಣನನ್ನು ಎರಡು ಸಲ ಕೇಳಿದ್ದ. ಮೊದಲನೆಯದು ಈ ವಸಂತದಲ್ಲಿ, ಸೀವರ್‌ನ ಕೊಟ್ಟಿಗೆಯಲ್ಲಿ. "ಅಣ್ಣಾ, ಕಾಗದದಲ್ಲಿ ನಿನ್ನ ಹೆಸರೂ ಹಾಕ್ಲಾ? ಇಬ್ಬರದೂ ಅಂತ?" ಸೀವರ್ ಸಗಣಿ ಬಾಚುವುದನ್ನು ನಿಲ್ಲಿಸದೆ, "ಛೇ, ನಂದೇನಿದೆ ಅದ್ರಲ್ಲಿ" ಎಂದ. ಎರಡನೆಯದು ಇಗರ್ಜಿಯ ಮೆಟ್ಟಿಲ ಮೇಲೆ, ಜೂನ್‌ನಲ್ಲಿ. "ಹಾಕ್ತೀನಿ ಕಣಣ್ಣ." "ಬೇಡ ಬಿಡೋ, ಸುಮ್ನೆ ನಿಂಗೆ ತೊಂದ್ರೆ" ಎಂದ ಸೀವರ್, ಟೋಪಿಯನ್ನು ಆ ಎರಡು ಬೆರಳಿನ ಕೈಯಲ್ಲಿ ತಿರುಗಿಸುತ್ತ. ತಿರುಗಿಸುತ್ತಲೇ ನಿಂತಿದ್ದ. ಹೋಗಲಿಲ್ಲ. ಮೆಟ್ಟಿಲ ಮೇಲೆ ಬೇರೆ ಯಾರೂ ಇರಲಿಲ್ಲ, ಮಳೆಯೂ ಇರಲಿಲ್ಲ, ಹೋಗದೇ ನಿಲ್ಲಲು ಕಾರಣವೇ ಇರಲಿಲ್ಲ. ಆಗ ಟೋಸ್ಟೆನ್, "ಸರಿ ಹಾಗಾದ್ರೆ" ಎಂದುಬಿಟ್ಟ. ಆ ಮಾತನ್ನು ಅವನು ಇಡೀ ಬೇಸಿಗೆ ನೆನೆಸಿಕೊಂಡಿದ್ದ. ಸರಿ ಹಾಗಾದ್ರೆ. ಒಡಹುಟ್ಟಿದವನ ಜೊತೆ ಯಾಂಕಿಯ ಹಾಗೆ ನಡೆದುಕೊಂಡಿದ್ದ. ತಪ್ಪು ಬಾಯ್ತಪ್ಪಿ ಆದದ್ದಲ್ಲ. ಮೂರನೇ ಸಲ ಕೇಳಿದರೆ ಹೂಂ ಎನ್ನುತ್ತಾನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಇವತ್ತು ಕೇಳುತ್ತೇನೆ ಎಂದು ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ನಿಶ್ಚಯಿಸಿದ್ದ. ಸೀವರ್‌ನ ನೀರಿನ ಬಂಡಿ ಹೊಳೆಯ ಕಡೆಯಿಂದ ಬಂತು. ಪ್ರಿಂಗಲ್‌ನ ಗಾಡಿ ಊರಿನ ಕಡೆಯಿಂದ ಬಂತು. ಇಬ್ಬರೂ ಒಂದೇ ಹೊತ್ತಿಗೆ ಬಂದದ್ದು ಅವನಿಗೆ ಅನ್ಯಾಯವೆಂದು ತೋರಿತು. ಐದು ನಿಮಿಷ ಸಿಕ್ಕಿದ್ದರೆ ಕೇಳುತ್ತಿದ್ದೆ ಎಂದುಕೊಂಡ. ಬೆಳಗಿಂದ ನಾಲ್ಕು ಗಂಟೆ ಸಿಕ್ಕಿತ್ತು.

ತೊಟ್ಟಿಯ ಅಂಚಿನ ಮೇಲೆ ಒಂದು ಹಲಗೆ ಹಾಕಿ ಮೇಜು ಮಾಡಿದರು. ಪ್ರಿಂಗಲ್ ಶಾಯಿಯ ಶೀಸೆ, ಲೇಖನಿ, ಮೊಹರು ಒತ್ತುವ ಕಬ್ಬಿಣದ ಇಕ್ಕಳ ಸಾಲಾಗಿಟ್ಟ. ನಕ್ಷೆಯ ಹಾಳೆ ಬಿಡಿಸಿ ನಾಲ್ಕು ಮೂಲೆಗೂ ಒಂದೊಂದು ಕಬ್ಬಿಣದ ನಟ್ಟು ಹೇರಿದ. ಆಮುಂಡ ಕೈ ಒರೆಸಿಕೊಂಡು ಬಂದು, ನಕ್ಷೆಯ ಕಡೆ ಕಣ್ಣೂ ಹಾಯಿಸದೆ ರುಜು ಗೀಚಿ, "ಇಬ್ಬನಿ ಇನ್ನೇನು ಆರಿತು" ಎಂದು ಹೇಳಿ ಹೋದ. ಸೀವರ್ ಮಾತ್ರ ಓದಿದ. ಅವನು ನಿಧಾನಸ್ಥ. ನಕ್ಷೆಯನ್ನು ಒಂದು ತುದಿಯಿಂದ, ಸಿವುಡು ಹೋಗುವ ದಾರಿಯಲ್ಲೇ, ಸರಪಳಿಯ ಜೊತೆ ಸಾಗಿದ. ಚಾಕು ಬಂದಲ್ಲಿ ನಿಂತ. ಬಲಗೈಯ ಕಿರುಬೆರಳನ್ನು ಅದರ ಮೇಲಿಟ್ಟ.

"ಇದು ನಿಂತಲ್ಲೇ ನಿಂತಿರುತ್ತೆ, ಅಲ್ವಾ?"

"ಹೂಂ" ಎಂದ ಟೋಸ್ಟೆನ್.

"ಸಿವುಡು ತಾನೇ ಬರುತ್ತೆ."

"ಹೂಂ."

"ಒಳ್ಳೇದು."

"ಸಾಕ್ಷಿಗೆ ಯಂತ್ರ ಅರ್ಥ ಆಗಿರ್ಬೇಕು ಅಂತ ಪೇಟೆಂಟಿನ ವಕೀಲ್ರು ಬರೆದಿದಾರೆ" ಎಂದ ಪ್ರಿಂಗಲ್, ಕನ್ನಡಕದ ಮೇಲಿಂದ ನೋಡುತ್ತ. "ಅರ್ಥ ಆಯ್ತೇನಪ್ಪ ಸೀವರ್?"

"ಸುಮಾರಾಗಿ" ಎಂದ ಸೀವರ್.

ಅವನು ಎಡಗೈಯಲ್ಲಿ ಲೇಖನಿ ಹಿಡಿದ. ನಲವತ್ತು ವರ್ಷದವರೆಗೆ ಬಲಗೈಯಲ್ಲಿ ಬರೆದವನ ಎಡಗೈ ಬರಹ ಯಾರಿಗೂ ನೋಡಲು ಚೆಂದವಲ್ಲ. ಅಕ್ಷರಗಳು ಒಂದೊಂದಾಗಿ, ಹೊಸದಾಗಿ ನಡೆಯಲು ಕಲಿತವುಗಳ ಹಾಗೆ, ಹಿಂದಕ್ಕೂ ಮುಂದಕ್ಕೂ ವಾಲುತ್ತ ಬಂದವು. ನಾಲಗೆಯ ತುದಿ ಹೊರಗೆ ಬಂದಿತ್ತು. ಪ್ರಿಂಗಲ್ ಗಡಿಯಾರ ತೆಗೆದು ನೋಡಿದ. ಟೋಸ್ಟೆನ್ ಆ ಲೇಖನಿಯ ತುದಿಯನ್ನೇ ನೋಡುತ್ತ, ಹೆಸರು ಮುಗಿಯುವುದರೊಳಗೆ ಕೇಳುತ್ತೇನೆ ಎಂದುಕೊಂಡ. ಹೆಸರು ಉದ್ದವಾಗಿತ್ತು. ಮುಗಿಯಿತು. ಹಾಳೆಯ ಕೆಳಗೆ ಸಾಕ್ಷಿ ಎಂದು ಅಚ್ಚಾಗಿದ್ದ ಪದದ ಪಕ್ಕದಲ್ಲಿ ಶಾಯಿ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

"ಬಲಗೈ ಎತ್ತು" ಎಂದ ಪ್ರಿಂಗಲ್.

ಟೋಸ್ಟೆನ್ ಬಲಗೈ ಎತ್ತಿದ. ಐದು ಬೆರಳೂ ಎದ್ದು ನಿಂತವು. ಅವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಮಡಚಿದ, ಪ್ರಿಂಗಲ್ "ನೆಟ್ಟಗೆ" ಎಂದ, ಮತ್ತೆ ಬಿಡಿಸಿದ. ಸೀವರ್ ಅಲ್ಲೇ, ಎರಡು ಮಾರು ದೂರದಲ್ಲಿ, ಕುದುರೆಯ ಕೊರಳು ಸವರುತ್ತ ನಿಂತಿದ್ದ. ಪ್ರಿಂಗಲ್ ಹರಾಜು ಕೂಗುವವನ ವೇಗದಲ್ಲಿ ಓದಿದ: ಮೇಲೆ ವಿವರಿಸಿದ ಯಂತ್ರವನ್ನು ಮೊಟ್ಟಮೊದಲು, ಸ್ವಂತ ಬುದ್ಧಿಯಿಂದ, ತಾನೊಬ್ಬನೇ ಕಂಡುಹಿಡಿದದ್ದೆಂದು ಅರ್ಜಿದಾರನು ಮನಃಪೂರ್ವಕವಾಗಿ ನಂಬಿದ್ದಾನೆ, ದೇವರು ಅವನಿಗೆ ಸಹಾಯ ಮಾಡಲಿ. ನಂಬಿದ್ದಾನೆ ಎಂಬ ಮಾತು ಟೋಸ್ಟೆನ್‌ಗೆ ಹಿಡಿಸಿತು. ಹೌದೋ ಅಲ್ಲವೋ ಎಂದು ಸರ್ಕಾರ ಕೇಳುತ್ತಿರಲಿಲ್ಲ, ನಂಬಿದ್ದೀಯಾ ಎಂದು ಮಾತ್ರ ಕೇಳುತ್ತಿತ್ತು. ಪಾದ್ರಿಯೂ ಹಾಗೇ ತಾನೇ ಕೇಳುವುದು? ನಂಬಿಕೆ ಪ್ರಯತ್ನದಿಂದ ಬರುತ್ತದೆ ಎಂದು ಪಾದ್ರಿ ಹೇಳುತ್ತಿದ್ದರು. ಟೋಸ್ಟೆನ್ ಪ್ರಯತ್ನಪಟ್ಟ.

"ಪ್ರಮಾಣ ಮಾಡ್ತೀಯಾ?"

ಸೀವರ್ ಕುದುರೆಯ ಕೊರಳು ಸವರುವುದನ್ನು ನಿಲ್ಲಿಸಿದ. ಇಗರ್ಜಿಯ ಮೆಟ್ಟಿಲ ಮೇಲೆ ನಿಂತ ಹಾಗೇ ನಿಂತಿದ್ದ, ಹೋಗಲು ಅವಸರವಿಲ್ಲದವನ ಹಾಗೆ. ಅವನ ಮುಖದಲ್ಲಿ ಕೋಪವಿರಲಿಲ್ಲ. ಮೂರನೇ ಸಲ ಕೇಳುವುದಕ್ಕೆ ಮುಂಚೆ ಅತಿಥಿ ನೆಲ ನೋಡುತ್ತಾನಲ್ಲ, ಹಾಗೆ ನೆಲ ನೋಡುತ್ತಿದ್ದ.

"ಮಾಡ್ತೀನಿ" ಎಂದ ಟೋಸ್ಟೆನ್.

ಇಕ್ಕಳ ಕಟಕ್ಕೆಂದು ಮೊಹರನ್ನು ಒತ್ತಿತು. ಪ್ರಿಂಗಲ್ ಕಾಗದ ಸುತ್ತಿ ತಗಡಿನ ಕೊಳವೆಗೆ ತುರುಕಿ, ಸಂಜೆ ಐದೂಕಾಲರ ಟಪಾಲು ರೈಲಿಗೆ ಹಾಕುವುದಾಗಿ ಹೇಳಿದ. ಆಮುಂಡನ ಹೆಂಡತಿ ಗುನ್‌ಹಿಲ್ಡ್ ಬಾಗಿಲಿಂದಲೇ ಕೂಗಿ ಅವನನ್ನು ಕಾಫಿಗೆ ಕರೆದಳು. ಅವನು ಒಂದೇ ಸಲಕ್ಕೆ ಹೂಂ ಎಂದು ಒಳಗೆ ಹೋದ. ಹುರಿ ಕಡಿಯುತ್ತಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇ ಹೊತ್ತಿಗೆ ಎಂಜಿನ್ ಸಿಳ್ಳೆ ಹಾಕಿತು. ಇಬ್ಬನಿ ಆರಿತ್ತು.

ಯಂತ್ರ ಆ ದಿನ ಅತ್ಯಂತ ಚೆನ್ನಾಗಿ ಓಡಿತು. ಟೋಸ್ಟೆನ್ ಅದು ಒಮ್ಮೆಯಾದರೂ ಕೆಡಲಿ ಎಂದು ಕಾದ, ಕೆಡಲಿಲ್ಲ. ಸಿವುಡು ಬಂತು, ಹುರಿ ಹರಿಯಿತು, ಕಾಳು ಉದುರಿತು, ಹುಲ್ಲು ಹಾರಿತು. ಉರುಳೆ ಭಾರವಾದಾಗ ಅವನ ಕಬ್ಬಿಣದ ಗುಂಡುಗಳು ಇಳಿದು ಸರಪಳಿಯನ್ನು ತಡೆದವು, ಹಗುರಾದಾಗ ಎದ್ದು ಬಿಟ್ಟವು. ಉರುಳೆಯ ಶ್ರುತಿ ಬೆಳಗಿಂದ ಒಂದೇ ಇತ್ತು. ಎಲ್ಲೋ ಕೇಳಿದ ಶ್ರುತಿ ಎನ್ನಿಸಿ, ಎಲ್ಲಿ ಕೇಳಿದ್ದೆಂದು ಹೊಳೆದಾಗ, ಅವನು ಹುಲ್ಲಿನ ರಾಶಿಯ ಆ ಕಡೆಗೆ ಹೋದ. ಎಂಟು ವರ್ಷದಲ್ಲಿ ಮೊದಲ ಬಾರಿಗೆ, ನಾನು ಕಳ್ಳ ಎಂದು ಸರಳವಾಗಿ ಅಂದುಕೊಂಡ. ಬೆರಳಿನದು ಆಕಸ್ಮಿಕ. ಇದು ಅಲ್ಲ. ಅಂದುಕೊಂಡ ಮೇಲೆ ಲೆಕ್ಕ ಹಾಕಿದ. ರೈಲು ಐದೂಕಾಲಿಗೆ. ಊರು ನಾಲ್ಕು ಮೈಲಿ. ಇನ್ನೂ ಹೊತ್ತಿತ್ತು.

ಮೂರೂವರೆಗೆ ಎಂಜಿನ್ ನಿಲ್ಲಿಸಿದರು. ಗುನ್‌ಹಿಲ್ಡ್ ಕಾಫಿಯ ದೊಡ್ಡ ಪಾತ್ರೆಯನ್ನೂ, ಬೆಣ್ಣೆ ಸಕ್ಕರೆ ಹಚ್ಚಿ ಮಡಿಸಿದ ಆಲೂಗಡ್ಡೆಯ ತೆಳು ರೊಟ್ಟಿಗಳನ್ನೂ ತಂದಳು. ಜನ ಬಂಡಿಯ ನೆರಳಿನಲ್ಲಿ ಕೂತರು. ಅವಳು ಸೀವರ್‌ನ ಹತ್ತಿರ ಬಂದಳು.

"ಕಾಫಿ ತಗೋ ಸೀವರ್."

"ಬೇಡಮ್ಮ, ಬೇರೆಯವರಿಗೆ ಕೊಡು."

"ಇದೆ ಬೇಕಾದಷ್ಟು. ತಗೋ."

"ಸುಮ್ನೆ ತೊಂದ್ರೆ."

"ಬಿಸಿಯಾಗಿದೆ, ತಗೊಳ್ಳಯ್ಯಾ. ಹೊಟ್ಟೇಲಿ ಬೆಕ್ಕು ಕೂಗ್ತಾ ಇದೆ, ಬಾಯಲ್ಲಿ ಬೇಡ ಬೇಡ."

"ಸರಿ, ಅರ್ಧ ಲೋಟ" ಎಂದ ಸೀವರ್. ಅವಳು ತುಂಬ ಸುರಿದಳು. ಅವನು ಲೋಟವನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಎರಡು ಬೆರಳಿನಿಂದ ತಳಕ್ಕೆ ಆನಿಕೆ ಕೊಟ್ಟ.

ಟೋಸ್ಟೆನ್ ಎದ್ದು ಅವನ ಪಕ್ಕಕ್ಕೆ ಹೋಗಿ ಕೂತ. ಕಾಲ ಬಳಿಯ ಒಂದು ತುಂಡು ಹುರಿಯನ್ನು ಎತ್ತಿಕೊಂಡು ಬೆರಳಿಗೆ ಸುತ್ತಿದ.

"ಅಣ್ಣಾ" ಎಂದ. "ರೈಲು ಐದೂಕಾಲಿಗೆ. ಪ್ರಿಂಗಲ್ ಕಚೇರೀಲೇ ಇರ್ತಾನೆ. ಆಮುಂಡನ ಕುದುರೆ ತಗೊಂಡು ಹೋಗ್ತೀನಿ, ಕಾಗದ ವಾಪಸ್ ತರ್ತೀನಿ. ಬೇರೆ ಬರೆಸೋಣ. ನಿನ್ನ ಹೆಸರು ಮೊದ್ಲು, ನಂದು ಆಮೇಲೆ. ಚಾಕು ನಿಂದು. ನೀನು ಹೇಳಿದ್ದು. ಟವೆಲು ಸುತ್ತಿ ತೋರ್ಸಿದ್ದು ನಂಗೆ ನೆನಪಿದೆ."

ಇಷ್ಟು ಮಾತನ್ನು ಅವನು ಅಣ್ಣನ ಹತ್ತಿರ ಒಂದೇ ಉಸಿರಿಗೆ ಎಂದೂ ಆಡಿರಲಿಲ್ಲ. ಸೀವರ್ ಕಾಫಿಯನ್ನು ಊದಿದ. ಒಂದು ಗುಟುಕು ಕುಡಿದ. ಬಯಲಿನ ಕಡೆ ನೋಡಿದ. ಆಮೇಲೆ ತಮ್ಮನ ಕಡೆ ತಿರುಗಿ ಚೆನ್ನಾಗಿ ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದ.

"ಬೇಡ" ಎಂದ.

ಟೋಸ್ಟೆನ್‌ಗೆ ಮೊದಲು ಆದದ್ದು ಸಮಾಧಾನ. ಅದನ್ನು ಅವನು ಮುಂದೆ ಯಾರಿಗೂ, ರಾಂಡಿಗೂ ಹೇಳಲಿಲ್ಲ. ಹೆಗಲಿಂದ ಒಂದು ಮೂಟೆ ಇಳಿದಂತಾಯಿತು: ಕೇಳಿದ್ದಾಯಿತು, ಮೂರಾಯಿತು, ಬೇಡ ಎಂದ, ಇನ್ನು ಯಾರೇನು ಮಾಡಲಾಗುತ್ತದೆ? ಅವನು ಏಳಲೂ ಹೊರಟ. ಅರ್ಧ ಎದ್ದವನಿಗೆ ಬೇಲಿಯ ಆಚೆ ನಿಂತು ಕೈ ಬೀಸುತ್ತಿದ್ದ ತಾಯಿಯ ನಗುಮುಖ ಕಣ್ಣಿಗೆ ಕಟ್ಟಿತು. ಅವನು ಮತ್ತೆ ಕೂತ. ಬೆರಳಿಗೆ ಸುತ್ತಿದ ಹುರಿ ಬಿಗಿಯಾಗಿ ಬೆರಳ ತುದಿ ನೀಲಿಯಾಗಿತ್ತು.

"ಅಣ್ಣಾ" ಎಂದ.

"ಎಂಜಿನ್‌ಗೆ ನೀರು ಇಳಿದಿರುತ್ತೆ" ಎಂದ ಸೀವರ್. ಲೋಟವನ್ನು ಹುಲ್ಲಿನಿಂದ ಒರೆಸಿ ಗುನ್‌ಹಿಲ್ಡಳ ಬುಟ್ಟಿಯಲ್ಲಿಟ್ಟ, ಅವಳಿಗೆ ಥ್ಯಾಂಕ್ಸ್ ಹೇಳಿದ, ಬಂಡಿ ಹತ್ತಿದ. ಕುದುರೆಗಳು ಹೊಳೆಯ ಕಡೆ ತಿರುಗಿದವು. ಸ್ವಲ್ಪ ದೂರ ಹೋಗಿ ಹಿಂತಿರುಗಿ ನೋಡಿ, ಎರಡು ಬೆರಳಿನ ಕೈ ಎತ್ತಿ ಬೀಸಿದ. ದಾರಿಯಲ್ಲಿ ಸಿಕ್ಕ ಯಾವ ನೆರೆಯವನಿಗಾದರೂ ಅವನು ಹಾಗೆಯೇ ಬೀಸುತ್ತಿದ್ದ.

ಎಂಜಿನ್ ಸಿಳ್ಳೆ ಹಾಕಿತು. ಜನ ಎದ್ದರು. ಟೋಸ್ಟೆನ್ ಯಂತ್ರದ ಮೇಲೆ ಹತ್ತಿ ಎಣ್ಣೆಯ ಡಬ್ಬಿ ಕೈಗೆ ತೆಗೆದುಕೊಂಡ. ಸರಪಳಿ ತೆವಳತೊಡಗಿತು, ಮೊದಲ ಸಿವುಡು ಚಾಕುವಿನ ಕೆಳಗೆ ಬಂದು ಬಿಚ್ಚಿಕೊಂಡಿತು. ಸಂಜೆ ಮನೆಗೆ ಹೋದಾಗ ರಾಂಡಿ ಕಾಗದ ಹೋಯಿತೇ ಎಂದು ಕೇಳುತ್ತಾಳೆ. ಹೋಯಿತು ಎನ್ನಬಹುದು, ಅದರಲ್ಲಿ ಕಷ್ಟವಿಲ್ಲ. ಆಮೇಲೆ ಅವಳಿಗೆ ಇನ್ನೊಂದು ಮಾತು ಹೇಳಬೇಕಾಗಿತ್ತು. ಭಾನುವಾರ ಮೇಜಿನ ಮೇಲೆ ಎರಡೇ ತಟ್ಟೆ ಇಟ್ಟರೆ ಸಾಕು.